ಇಪ್ಪತ್ತೊಂದು ವರ್ಷಗಳ ನಂತರ ಜಾಬ್ರೇಕರ್

2017ರ ಸೆಪ್ಟೆಂಬರ್ 17ರ ರಾತ್ರಿ, ಅಮೆರಿಕದ ಶಿಕಾಗೊ ನಗರದ ಡಗ್ಲಸ್ ಪಾರ್ಕಿನಲ್ಲಿ ನಡೆಯುತ್ತಿದ್ದ ರಯಟ್ ಫೆಸ್ಟ್ ಎಂಬ ಸಂಗೀತೋತ್ಸವದ ಕೊನೆಯ ದಿನ, ಐವತ್ತರ ಆಸುಪಾಸಿನ ಮೂವರು ಗಂಡಸರು ವೇದಿಕೆ ಹತ್ತಿದರು. ಗಿಟಾರ್ ನುಡಿಸುತ್ತ ಹಾಡುವ ಬ್ಲೇಕ್ ಶ್ವಾರ್ಜನ್‌ಬಾಕ್, ಬೇಸ್ ಗಿಟಾರಿನ ಕ್ರಿಸ್ ಬಾವರ್‌ಮೈಸ್ಟರ್, ಡ್ರಮ್ಸ್ ಬಾರಿಸುವ ಆಡಮ್ ಫಾಲರ್. ಈ ಮೂವರ ಜಾಬ್ರೇಕರ್ ಎಂಬ ಪಂಕ್ (ವೇಗದ, ಒರಟು ದನಿಯ ರಾಕ್ ಸಂಗೀತ) ಬ್ಯಾಂಡ್ 1996ರಲ್ಲಿ ಒಡೆದುಹೋಗಿತ್ತು. ಅಲ್ಲಿಂದ ಇಪ್ಪತ್ತೊಂದು ವರ್ಷ ಅವರು ಜನರ ಮುಂದೆ ಒಟ್ಟಿಗೆ ನಿಂತಿರಲಿಲ್ಲ. ಅಲ್ಲಿ ಭಾನುವಾರ ರಾತ್ರಿಯಾಗಿದ್ದಾಗ ನಮ್ಮ ಕೋಲಾರದಲ್ಲಿ ಸೋಮವಾರ ಬೆಳಗಾಗಿತ್ತು. ಜನರ ನಡುವೆ ನಿಂತ ಯಾರೋ ಮೊಬೈಲಿನಲ್ಲಿ ಹಿಡಿದು ಹಾಕಿದ್ದ ತುಣುಕುಗಳನ್ನು ನಾನು ಕೆಲಸಕ್ಕೆ ಹೊರಡುವ ಮೊದಲೇ ಕೂತು ನೋಡಿದೆ. ಚಿತ್ರ ಅಲುಗಾಡುತ್ತಿತ್ತು, ಧ್ವನಿ ಒಡೆಯುತ್ತಿತ್ತು, ಆದರೆ ಒಂದು ಸಂಗತಿ ಸ್ಪಷ್ಟವಾಗಿತ್ತು: ಹಾಡುಗಾರನ ದನಿಗಿಂತ ಕೇಳುಗರ ದನಿಯೇ ದೊಡ್ಡದಾಗಿತ್ತು.

ಜಾಬ್ರೇಕರ್ ಏಕೆ ಒಡೆಯಿತು ಎಂದು ಕೇಳಿದರೆ ಬಲ್ಲವರೆಲ್ಲ ಸಾಮಾನ್ಯವಾಗಿ ಪ್ರವಾಸದ ವ್ಯಾನಿನಲ್ಲಿ ಬ್ಲೇಕ್ ಮತ್ತು ಕ್ರಿಸ್ ಕೈಕೈ ಮಿಲಾಯಿಸಿದ ಕಥೆಯನ್ನು ಹೇಳುತ್ತಾರೆ. ಆ ಜಗಳ ನಡೆದದ್ದು ನಿಜ. ಆದರೆ ಈ ಬ್ಯಾಂಡನ್ನು ಒಡೆದುದರಲ್ಲಿ ಅದನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುತ್ತಿದ್ದ ಕೇಳುಗರ ಪಾಲು ಬಹಳ ದೊಡ್ಡದು ಎಂಬುದು ಹಲವು ವರ್ಷಗಳಿಂದ ನನ್ನ ಮನಸ್ಸಿನಲ್ಲಿ ಕುಳಿತಿರುವ ಮಾತು. ಆ ಕಾರಣಕ್ಕಾಗಿಯೇ ಶಿಕಾಗೊದ ರಾತ್ರಿಯನ್ನು ಮೂವರು ಹಳೆಯ ಗೆಳೆಯರ ಪುನರ್ಮಿಲನ ಎಂದಷ್ಟೇ ನೋಡಲು ನನಗೆ ಆಗುವುದಿಲ್ಲ.

ಬ್ಲೇಕ್ ಮತ್ತು ಆಡಮ್ ಶಾಲೆಯ ದಿನಗಳಿಂದ ಗೆಳೆಯರು. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಕ್ರಿಸ್ ಅವರ ಜೊತೆಗೂಡಿದರು. ಎಂಬತ್ತರ ದಶಕದ ಕೊನೆಯಲ್ಲಿ ಕಟ್ಟಿದ ಬ್ಯಾಂಡ್ ಲಾಸ್ ಏಂಜಲೀಸ್ ಮುಟ್ಟಿ, ಆಮೇಲೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನೆಲೆ ನಿಂತಿತು. 1990ರಲ್ಲಿ 'ಅನ್‌ಫನ್', 1992ರಲ್ಲಿ 'ಬಿವುಆಕ್', 1994ರಲ್ಲಿ '24 ಅವರ್ ರಿವೆಂಜ್ ಥೆರಪಿ' ಎಂಬ ಆಲ್ಬಮ್‌ಗಳು ಸಣ್ಣ ಕಂಪನಿಗಳ ಮೂಲಕ ಹೊರಬಂದವು. ಆ ಹಾಡುಗಳಲ್ಲಿ ಘೋಷಣೆ ಕಡಿಮೆ. ಕಳೆದುಹೋದ ಪ್ರೀತಿ, ಬಾಡಿಗೆ ಕೋಣೆ, ಕುಡಿತ, ಗೆಳೆಯರ ನಡುವಿನ ಮುನಿಸು, ಬರೆಯಲಾಗದ ಸಂಕಟ ಇಂಥ ಸಂಗತಿಗಳನ್ನು ಬ್ಲೇಕ್ ಸಣ್ಣ ಕಥೆ ಬರೆಯುವವರ ಜಾಗರೂಕತೆಯಿಂದ ಬರೆಯುತ್ತಿದ್ದರು. ಹಾಡುವಾಗ ಮಾತ್ರ ಗಂಟಲನ್ನು ಸ್ವಲ್ಪವೂ ಉಳಿಸಿಕೊಳ್ಳುತ್ತಿರಲಿಲ್ಲ. 1992ರ ಯುರೋಪ್ ಪ್ರವಾಸದ ನಡುವೆ ಧ್ವನಿತಂತುವಿನ ಮೇಲೆ ಗಡ್ಡೆ ಬೆಳೆದು ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. ಅದಾದ ಮೇಲೂ ಪ್ರವಾಸವನ್ನು ಮುಂದುವರಿಸಿದರು.

ಈ ಹಾಡುಗಳು ಹುಟ್ಟಿದ ಲೋಕಕ್ಕೆ ಅದರದೇ ಆದ ಕಟ್ಟುನಿಟ್ಟಿತ್ತು. ಸ್ಯಾನ್ ಫ್ರಾನ್ಸಿಸ್ಕೊದ ಹತ್ತಿರದ ಬರ್ಕ್ಲಿ ಊರಿನ ಗಿಲ್ಮನ್ ರಸ್ತೆಯ 924ನೆಯ ನಂಬರಿನ ಕಟ್ಟಡದಲ್ಲಿ 1986ರ ಕೊನೆಯ ದಿನ ಆರಂಭವಾದ ಸಭಾಂಗಣವನ್ನು ಸ್ವಯಂಸೇವಕರೇ ನಡೆಸುತ್ತಿದ್ದರು. ಮದ್ಯ ಇಲ್ಲ, ಜನಾಂಗದ್ವೇಷದ ಮಾತಿಗೆ ಎಡೆಯಿಲ್ಲ, ಹೆಣ್ಣುಮಕ್ಕಳನ್ನು ಹೀನಾಯವಾಗಿ ಕಾಣುವಂತಿಲ್ಲ. ದೊಡ್ಡ ರೆಕಾರ್ಡ್ ಕಂಪನಿಗೆ ಸಹಿ ಹಾಕಿದ ಬ್ಯಾಂಡಿಗೆ ಅಲ್ಲಿ ವೇದಿಕೆಯೂ ಇಲ್ಲ. ಅಲ್ಲಿಯೇ ಬೆಳೆದ ಗ್ರೀನ್ ಡೇ ಎಂಬ ಬ್ಯಾಂಡ್ ಕೂಡ ಸಹಿ ಹಾಕಿದ ಮೇಲೆ ಹೊರಗೆ ಉಳಿಯಿತು. ಟಿಮ್ ಯೊಹಾನನ್ ನಡೆಸುತ್ತಿದ್ದ 'ಮ್ಯಾಕ್ಸಿಮಮ್ ರಾಕ್‌ಎನ್‌ರೋಲ್' ಪತ್ರಿಕೆ ದೊಡ್ಡ ಕಂಪನಿಗಳ ಜಾಹೀರಾತನ್ನೇ ತೆಗೆದುಕೊಳ್ಳುತ್ತಿರಲಿಲ್ಲ. ಹೊರಗಿನಿಂದ ನೋಡಿದವರಿಗೆ ಇದು ಮಡಿವಂತಿಕೆಯಂತೆ ಕಂಡೀತು, ಆದರೆ ಇದರ ಹಿಂದೆ ಗಟ್ಟಿಯಾದ ಲೆಕ್ಕಾಚಾರವೂ ಇತ್ತು. ಧ್ವನಿಮುದ್ರಣದ ಕೆಲಸದಲ್ಲಿ ಹೆಸರಾಗಿದ್ದ ಸ್ಟೀವ್ ಆಲ್ಬಿನಿ 1993ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ಎರಡೂವರೆ ಲಕ್ಷ ಡಾಲರ್ ಮುಂಗಡ ಪಡೆದ ಬ್ಯಾಂಡಿನ ಹಣ ಮ್ಯಾನೇಜರ್, ವಕೀಲ, ಸ್ಟುಡಿಯೊ, ವಿಡಿಯೊ, ಪ್ರವಾಸ ಎಂದು ಹೇಗೆ ಸೋರಿಹೋಗುತ್ತದೆ ಎಂಬುದನ್ನು ಸಾಲುಸಾಲಾಗಿ ಕೂಡಿ ಕಳೆದು ತೋರಿಸಿದರು. ಆ ಲೆಕ್ಕದ ಪ್ರಕಾರ ಸಂಗೀತೋದ್ಯಮಕ್ಕೆ ಮೂವತ್ತು ಲಕ್ಷ ಡಾಲರಿಗಿಂತ ಹೆಚ್ಚು ಗಳಿಸಿಕೊಟ್ಟ ಬ್ಯಾಂಡಿನ ಒಬ್ಬೊಬ್ಬ ಸದಸ್ಯನ ಕೈಗೆ ಉಳಿಯುವುದು 4,031 ಡಾಲರ್. ಅದರ ಮೇಲೆ ಕಂಪನಿಯ ಸಾಲ ಬೇರೆ. '24 ಅವರ್ ರಿವೆಂಜ್ ಥೆರಪಿ'ಯ ಬಹುಪಾಲು ಹಾಡುಗಳನ್ನು ಅದೇ ವರ್ಷ ಶಿಕಾಗೊದಲ್ಲಿ ಧ್ವನಿಮುದ್ರಿಸಿದವರೂ ಇದೇ ಆಲ್ಬಿನಿ. ಆ ಆಲ್ಬಮ್ಮಿನಲ್ಲಿ 'ಬಾಕ್ಸ್‌ಕಾರ್' ಎಂಬ, ಎರಡು ನಿಮಿಷವೂ ತುಂಬದ ಹಾಡೊಂದಿದೆ. ಯಾರು ಅಸಲಿ ಪಂಕ್, ಯಾರು ನಕಲಿ ಎಂದು ತೀರ್ಪು ಕೊಡುತ್ತ ತಿರುಗುವವರನ್ನು ಕುರಿತ ಹಾಡು. ಮುಂದೆ ಬರಲಿದ್ದ ತೀರ್ಪನ್ನು ಈ ಬ್ಯಾಂಡ್ ಮೊದಲೇ ಹಾಡಿಟ್ಟಿತ್ತು ಎನ್ನಬೇಕು.

1993ರ ಕೊನೆಯಲ್ಲಿ ಜಾಬ್ರೇಕರ್, ದೊಡ್ಡ ಕಂಪನಿಯ ಮೂಲಕ ಜಗತ್ಪ್ರಸಿದ್ಧವಾಗಿದ್ದ ನಿರ್ವಾಣ ಬ್ಯಾಂಡಿನ ಜೊತೆ ಆರು ಕಾರ್ಯಕ್ರಮಗಳನ್ನು ಕೊಟ್ಟಿತು. ಗುಸುಗುಸು ಶುರುವಾದದ್ದು ಅಲ್ಲಿಂದ. ದೊಡ್ಡ ಕಂಪನಿಗೆ ನಾವು ಸಹಿ ಹಾಕುವುದಿಲ್ಲ ಎಂದು ಬ್ಲೇಕ್ ವೇದಿಕೆಯ ಮೇಲಿಂದಲೇ ಹೇಳಿದ್ದರು. 1994ರಲ್ಲಿ ಗ್ರೀನ್ ಡೇಯ 'ಡೂಕಿ' ಆಲ್ಬಮ್ ಲಕ್ಷಗಟ್ಟಲೆ ಮಾರಾಟವಾಗುತ್ತಿದ್ದಂತೆ ಕಂಪನಿಗಳು ಅಂಥ ಬ್ಯಾಂಡುಗಳಿಗಾಗಿ ಹುಡುಕಾಡಲು ಆರಂಭಿಸಿದವು. ಜಾಬ್ರೇಕರ್ ಆ ಹೊತ್ತಿಗೆ ದಣಿದಿತ್ತು, ಒಳಗೊಳಗೇ ಬಿರುಕು ಬಿಟ್ಟಿತ್ತು, ಒಡೆಯುವ ಮಾತೂ ಆಗಿತ್ತು. ಕೊನೆಗೆ ಗೆಫೆನ್ ಸಮೂಹದ ಡಿಜಿಸಿ ಕಂಪನಿಯೊಂದಿಗೆ ಸುಮಾರು ಹತ್ತು ಲಕ್ಷ ಡಾಲರಿನ ಒಪ್ಪಂದಕ್ಕೆ ಸಹಿ ಬಿತ್ತು. 'ಡೂಕಿ'ಯನ್ನು ರೂಪಿಸಿದ ರಾಬ್ ಕವಾಲೊ ಅವರೇ ಇವರ ಹೊಸ ಆಲ್ಬಮ್ಮನ್ನೂ ರೂಪಿಸಿದರು. 1995ರ ಸೆಪ್ಟೆಂಬರಿನಲ್ಲಿ ಅದು 'ಡಿಯರ್ ಯೂ' ಎಂಬ ಹೆಸರಿನಲ್ಲಿ ಹೊರಬಂತು. ಗಿಟಾರಿನ ದನಿ ಅಗಲವಾಗಿತ್ತು, ಗಂಟಲಿನ ಒರಟುತನ ಇಳಿದಿತ್ತು, ಒಂದೊಂದು ಪದವೂ ತಿಳಿಯುವಂತೆ ಬ್ಲೇಕ್ ಹಾಡಿದ್ದರು. ಹಳೆಯ ಕೇಳುಗರಿಗೆ ಅದೇ ಅಪರಾಧವಾಗಿ ಕಂಡಿತು. ಹೊಸ ಆಲ್ಬಮ್ಮಿನ ಹಾಡು ಎತ್ತಿದ ಕೂಡಲೇ ಸಭಾಂಗಣದಲ್ಲಿ ಕೆಲವರು ವೇದಿಕೆಗೆ ಬೆನ್ನು ತಿರುಗಿಸುತ್ತಿದ್ದರು, ಕೆಲವರು ನೆಲದ ಮೇಲೆಯೇ ಬೆನ್ನು ಹಾಕಿ ಕೂತುಬಿಡುತ್ತಿದ್ದರು. ಹೊಸ ಕೇಳುಗರು ಕಂಪನಿ ಎಣಿಸಿದಷ್ಟು ಬರಲಿಲ್ಲ, ಹಳಬರು ಉಳಿಯಲಿಲ್ಲ. ಮರುವರ್ಷದ ಪ್ರವಾಸದಲ್ಲಿ ಆ ವ್ಯಾನಿನ ಜಗಳ ನಡೆಯಿತು, ಬ್ಯಾಂಡ್ ಮುಗಿಯಿತು.

ಬೆನ್ನು ತಿರುಗಿಸುವುದರ ತೂಕವನ್ನು ನಾವು ಸ್ವಲ್ಪ ಯೋಚಿಸಬೇಕು. ಕಾರ್ಯಕ್ರಮ ಹಿಡಿಸದಿದ್ದವರು ಎದ್ದು ಹೋಗಬಹುದು, ಟಿಕೆಟ್ಟನ್ನೇ ಕೊಳ್ಳದಿರಬಹುದು. ದುಡ್ಡು ಕೊಟ್ಟು ಒಳಗೆ ಬಂದು, ಮುಂದಿನ ಸಾಲಿನಲ್ಲಿ ಜಾಗ ಹಿಡಿದು, ಹಾಡುವವನ ಕಣ್ಣೆದುರೇ ಬೆನ್ನು ತೋರಿಸಿ ನಿಲ್ಲುವವನು ಆ ಬ್ಯಾಂಡನ್ನು ಬಿಟ್ಟುಹೋಗಲಾರದವನು. ಅವನು ಬ್ಯಾಂಡಿಗೆ ಶಿಕ್ಷೆಯನ್ನೂ ಕೊಡಬೇಕು, ಶಿಕ್ಷೆ ತಗುಲಿತೇ ಎಂಬುದನ್ನೂ ಪಕ್ಕದಲ್ಲೇ ನಿಂತು ಖಚಿತಪಡಿಸಿಕೊಳ್ಳಬೇಕು. ಅಷ್ಟು ಆಳವಾಗಿ ಪ್ರೀತಿಸುವ ಕೇಳುಗರು ಯಾವ ಬ್ಯಾಂಡಿಗೂ ಸುಲಭವಾಗಿ ಸಿಗುವುದಿಲ್ಲ, ಮತ್ತು ಅಷ್ಟು ಕ್ರೂರವಾದ ಕೇಳುಗರೂ ಸಿಗುವುದಿಲ್ಲ.

ನನಗೆ ಜಾಬ್ರೇಕರ್ ಸಿಕ್ಕಿದ್ದು ಈ ಜಗಳ ಯಾವುದೂ ತಿಳಿಯದೆ. ಕೋಲಾರದಲ್ಲಿ ಪದವಿ ಓದುವಾಗ ನನ್ನ ಜೊತೆ ಕೆಜಿಎಫ್‌ನ ಗೆಳೆಯನೊಬ್ಬನಿದ್ದ. ಅವನ ತಂದೆ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ದುಡಿದವರು. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಆ ಮನೆಯವರೂ ಅಲ್ಲಿನ ಎಷ್ಟೋ ಮನೆಗಳವರಂತೆ ಬೆಳಗಿನ ಜಾವ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಿದ್ದರು. ಬ್ರಿಟಿಷರ ಕಾಲದಿಂದ ಗಿಟಾರು ಪಿಯಾನೊಗಳ ನಂಟು ಇದ್ದ ಊರದು. ಅವನ ಮನೆಯ ಗೋಡೆಯ ಮೇಲೂ ಎರಡು ತಂತಿ ಹೋದ ಗಿಟಾರೊಂದು ತೂಗುತ್ತಿತ್ತು. ಒಂದು ದಿನ ಅವನು ಬಸ್ ನಿಲ್ದಾಣದ ಹತ್ತಿರದ ಸೈಬರ್ ಕೆಫೆಯಲ್ಲಿ ಬರ್ನ್ ಮಾಡಿಸಿದ್ದ ಎಂಪಿತ್ರೀ ಸಿ.ಡಿ. ತಂದು ಕೊಟ್ಟ. "ಕೇಳು ಮಚ್ಚಾ. ಯಾವುದು ಮೊದಲು, ಯಾವುದು ಆಮೇಲೆ ಅಂತ ನನಗೂ ಗೊತ್ತಿಲ್ಲ" ಎಂದ. ನಾಲ್ಕೂ ಆಲ್ಬಮ್‌ಗಳ ಹಾಡುಗಳು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಕಲಸಿಹೋಗಿದ್ದವು. ಹಾಗಾಗಿ ನನ್ನ ಕಿವಿಗೆ ಮೊದಲು ಬಿದ್ದದ್ದು 'ಡಿಯರ್ ಯೂ'ವಿನ 'ಆ್ಯಕ್ಸಿಡೆಂಟ್ ಪ್ರೋನ್'.

ಅದು ಆರು ನಿಮಿಷ ಮೀರುವ ಹಾಡು, ಪಂಕ್ ಲೆಕ್ಕದಲ್ಲಿ ಬಹಳ ಉದ್ದವಾದದ್ದು. ಆರಂಭದಲ್ಲಿ ಗಿಟಾರ್ ತಡೆತಡೆದು ನಡೆಯುತ್ತದೆ, ಬ್ಲೇಕ್ ಬಹುತೇಕ ಮಾತಾಡುವ ದನಿಯಲ್ಲಿ ಹಾಡುತ್ತಾರೆ. ಮುರಿದ ಸಂಬಂಧದಿಂದ ಎದ್ದು ಬಂದವನೊಬ್ಬ ತನ್ನ ಗಾಯಗಳ ಲೆಕ್ಕವನ್ನು ತಾನೇ ಒಪ್ಪಿಸುತ್ತಿರುವ ಹಾಡದು. ಪಲ್ಲವಿಗೆ ಬಂದಾಗ ಮೂರೂ ವಾದ್ಯಗಳು ಒಮ್ಮೆಗೇ ಏರುತ್ತವೆ. ನಡುವೆ ಎಲ್ಲವೂ ತಗ್ಗಿ, ಹಾಡು ಇನ್ನೇನು ಮುಗಿಯಿತು ಎನಿಸುವ ಹೊತ್ತಿಗೆ ಮತ್ತೆ ಮೇಲೇಳುತ್ತದೆ. ಮುಂದೆ ಕೆಲವು ಹಾಡುಗಳಾದ ಮೇಲೆ ನನಗೆ ಕೇಳಿದ್ದು 'ಬಾಕ್ಸ್‌ಕಾರ್'. ಒಂದರಲ್ಲಿ ಗಂಟಲು ಒರಟು, ಇನ್ನೊಂದರಲ್ಲಿ ನಯ. ಎರಡೂ ಒಬ್ಬನದೇ ದನಿ ಎಂಬುದರಲ್ಲಿ ನನಗೆ ಅನುಮಾನವೇ ಬರಲಿಲ್ಲ. ಇವುಗಳಲ್ಲಿ ಒಂದು ನಿಷ್ಠೆಯ ಹಾಡು, ಇನ್ನೊಂದು ದ್ರೋಹದ ಹಾಡು ಎಂದು ಹೇಳಲು ಕೋಲಾರದಲ್ಲಿ ಯಾರೂ ಇರಲಿಲ್ಲ. ಗಿಲ್ಮನ್ ರಸ್ತೆಯಿಂದ ಇಷ್ಟು ದೂರದಲ್ಲಿ, ಇಷ್ಟು ತಡವಾಗಿ ಕೇಳಿದ್ದರಿಂದ ನನಗೊಂದು ಸೌಲಭ್ಯ ದೊರೆಯಿತು ಎಂದೇ ಭಾವಿಸುತ್ತೇನೆ. 'ಡಿಯರ್ ಯೂ' ಈ ಬ್ಯಾಂಡಿನ ಅತ್ಯುತ್ತಮ ಬರವಣಿಗೆ. ಆ ತೀರ್ಮಾನಕ್ಕೆ ನಾನು ಬಂದದ್ದು ಅದರ ಮೇಲಿದ್ದ ಆರೋಪ ಕಿವಿಗೆ ಬೀಳುವ ಮೊದಲೇ.

ಆದರೂ ಆ ಆರೋಪವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಗಿಲ್ಮನ್ ರಸ್ತೆಯ ಜನ ಕಾಯುತ್ತಿದ್ದುದು ಏನನ್ನು ಎಂಬುದು ನಮ್ಮ ಜಿಲ್ಲೆಯವರಿಗೆ ಅರ್ಥವಾಗದ ಸಂಗತಿಯಲ್ಲ. ದಲಿತ ಸಂಘರ್ಷ ಸಮಿತಿಯ ಕಾಲದಿಂದ ಕೋಲಾರದ ಹೋರಾಟಗಳು ಹಾಡಿನಿಂದಲೇ ಆರಂಭವಾದವು. ಕೋಟಿಗಾನಹಳ್ಳಿ ರಾಮಯ್ಯನವರೂ ಅವರ ಗೆಳೆಯರೂ ತೇರಹಳ್ಳಿ ಬೆಟ್ಟದ ಮೇಲೆ ಕಟ್ಟಿದ ಆದಿಮ ಎಂಬ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆಯ ರಾತ್ರಿಗಳಂದು 'ಹುಣ್ಣಿಮೆ ಹಾಡು' ಕೇಳಲು ಬೆಟ್ಟ ಹತ್ತಿ ಹೋದವರಿಗೆ, ಜನರೇ ನಡೆಸುವ ವೇದಿಕೆಗೂ ಕೊಂಡು ತಂದ ವೇದಿಕೆಗೂ ಇರುವ ಅಂತರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಜಾಗಗಳನ್ನು ಉಳಿಸಿಕೊಳ್ಳಲು ನಿಯಮ ಬೇಕು. ಮಾರಿಕೊಂಡವರನ್ನು ಕಂಡರೆ ಅಲ್ಲಿ ಸಿಟ್ಟು ಬರುವುದೂ ಸಹಜ.

ನಮ್ಮೂರ ಸುತ್ತಿನಲ್ಲೇ ಅಂಥದೊಂದು ತಂಡವಿತ್ತು. ಹೆಸರು ಬೇಡ, ಅದರಲ್ಲಿ ಹಾಡಿದವರು ಈಗಲೂ ನಮ್ಮ ನಡುವೆ ಇದ್ದಾರೆ. ನಾಲ್ಕೈದು ಜನ, ಎರಡು ತಮಟೆ, ಒಂದು ಕಂಜರ. ಸಭೆ, ಜಾಥಾ, ಧರಣಿ ಎಲ್ಲಿದ್ದರೂ ಬಸ್ ಖರ್ಚಿಗಷ್ಟೇ ಬರುತ್ತಿದ್ದರು. ಅವರ ಪೈಕಿ ಮುಖ್ಯವಾಗಿ ಹಾಡುತ್ತಿದ್ದವರು ಒಮ್ಮೆ ಬೆಂಗಳೂರಿಗೆ ಹೋಗಿ ಕ್ಯಾಸೆಟ್ಟಿಗಾಗಿ ಜನಪದ ಗೀತೆಗಳನ್ನು ಹಾಡಿಬಂದರು. ಕೀಬೋರ್ಡು, ರಿದಂ ಪ್ಯಾಡು ಎಲ್ಲ ಹಾಕಿ ಮಾಡಿದ ಕ್ಯಾಸೆಟ್ಟು. ಅಲ್ಲಿಂದ ಮುಂದಿನ ಸಭೆಗಳಿಗೆ ಅವರಿಗೆ ಕರೆ ಹೋಗಲಿಲ್ಲ. ಎದುರು ಸಿಕ್ಕಾಗ ಯಾರೂ ಕೆಟ್ಟ ಮಾತಾಡಲಿಲ್ಲ, ಕರೆಯುವುದನ್ನು ಮಾತ್ರ ನಿಲ್ಲಿಸಿದರು. ಮಗಳ ಮದುವೆಗೆ ಮಾಡಿದ ಸಾಲಕ್ಕಾಗಿ ಅವರು ಆ ಕ್ಯಾಸೆಟ್ಟಿಗೆ ಹಾಡಿದ್ದರು ಎಂಬುದು ಸಂಘಟನೆಯವರಿಗೆ ತಿಳಿಯದ್ದೇನಲ್ಲ. ಅವರಿಲ್ಲದೆ ತಂಡ ಒಂದೆರಡು ವರ್ಷ ಕುಂಟಿತು, ಆಮೇಲೆ ಇಲ್ಲವಾಯಿತು.

ಬಹಳ ವರ್ಷಗಳ ಮೇಲೆ ಹಿರಿಯ ಹೋರಾಟಗಾರರೊಬ್ಬರ ನುಡಿನಮನಕ್ಕೆ ಅವರೆಲ್ಲ ಬಂದಿದ್ದರು. ಭಾಷಣಗಳು ನಡೆಯುತ್ತಿದ್ದಾಗ ಸಭಾಂಗಣದ ಹಿಂದೆ ಒಬ್ಬರು ಒಣ ಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಯಿಸುತ್ತಿದ್ದರು. ಚರ್ಮ ಬಿಗಿಯಾಯಿತೇ ಎಂದು ಬೆರಳಿನಿಂದ ತಟ್ಟಿ ನೋಡುವುದು, ಸಾಲದೆನಿಸಿದರೆ ಮತ್ತೆ ಉರಿಗೆ ಹಿಡಿಯುವುದು. ದೂರ ನಿಂತಿದ್ದ ಹಾಡುಗಾರರು ಹತ್ತಿರ ಬಂದು "ಯಾವುದು ಎತ್ತಲಣ್ಣಾ?" ಎಂದರು. ತಮಟೆಯವರು ತಲೆ ಎತ್ತದೆಯೇ "ಹಳೇದೇ ಎತ್ತಪ್ಪಾ" ಎಂದರು. ಅವರ ನಡುವೆ ಅಂದು ಆದದ್ದು ಅಷ್ಟೇ ಮಾತು. ಆ ಹಾಡು ಆರಂಭವಾದಾಗ ಎದ್ದು ನಿಂತು ದನಿಗೂಡಿಸಿದವರಲ್ಲಿ, ಕರೆಯುವುದನ್ನು ನಿಲ್ಲಿಸಿದ್ದವರೂ ಇದ್ದರು. ಜಾಬ್ರೇಕರ್ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ಆ ದಿನ ನೆನಪಾಗುವುದು ಈ ಕಾರಣಕ್ಕೆ. ತಂಡ ಮತ್ತೆ ಸೇರಬೇಕಾದರೆ ಹಾಡುವವರು ರಾಜಿಯಾದರಷ್ಟೇ ಸಾಲದು, ಕೇಳುವವರೂ ಮತ್ತೆ ವೇದಿಕೆಯ ಕಡೆ ಮುಖ ಮಾಡಬೇಕಾಗುತ್ತದೆ.

ಅತ್ತ ಆ ಮೂವರ ಬದುಕು ಮೂರು ದಾರಿ ಹಿಡಿದಿತ್ತು. ಬ್ಲೇಕ್ ನ್ಯೂಯಾರ್ಕಿಗೆ ಹೋಗಿ ಜೆಟ್ಸ್ ಟು ಬ್ರೆಜಿಲ್ ಎಂಬ ಬ್ಯಾಂಡ್ ಕಟ್ಟಿ ಮೂರು ಆಲ್ಬಮ್ ತಂದರು. ಅದೂ ಮುಗಿದ ಮೇಲೆ ಹಂಟರ್ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ, ಅಲ್ಲಿಯೇ ಪಾಠ ಮಾಡಿದರು. ಆಡಮ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಪಾಲುದಾರರೊಂದಿಗೆ ಲಾಸ್ಟ್ ವೀಕೆಂಡ್ ಎಂಬ ವಿಡಿಯೊ ಅಂಗಡಿ ನಡೆಸಿದರು. ಕ್ರಿಸ್ ಬೇರೆ ಬ್ಯಾಂಡುಗಳಲ್ಲಿ ನುಡಿಸಿದರು. ಈ ನಡುವೆ ಯಾರೂ ಊಹಿಸದಿದ್ದ ಇನ್ನೊಂದು ಬದಲಾವಣೆ ಸದ್ದಿಲ್ಲದೆ ನಡೆಯುತ್ತಿತ್ತು. ತಿರಸ್ಕೃತವಾದ 'ಡಿಯರ್ ಯೂ' ಅಂಗಡಿಗಳಿಂದ ಮಾಯವಾಗಿತ್ತು. ಆದರೆ ಬೆನ್ನು ತಿರುಗಿಸಿದವರ ತಮ್ಮಂದಿರು, ತಂಗಿಯರು ಅದನ್ನು ಹುಡುಕಿ ಹುಡುಕಿ ಕೇಳುತ್ತಿದ್ದರು. ಅದನ್ನು ಕೇಳಿ ಬೆಳೆದವರು ತಾವೇ ಬ್ಯಾಂಡ್ ಕಟ್ಟಿದರು. ಕೊನೆಗೆ ಆಡಮ್ ಅವರೇ ಗೆಫೆನ್‌ನಿಂದ ಹಕ್ಕು ಪಡೆದು, ತಮ್ಮ ಸಣ್ಣ ಕಂಪನಿ ಬ್ಲ್ಯಾಕ್‌ಬಾಲ್ ಮೂಲಕ 2004ರಲ್ಲಿ ಆ ಆಲ್ಬಮ್ಮನ್ನು ಮತ್ತೆ ಹೊರತಂದರು. ಬಿಟ್ಟುಹೋಗಿದ್ದಕ್ಕೆ ನಿಂದೆಗೊಳಗಾದ ಆಲ್ಬಮ್ ಹೀಗೆ ಸಣ್ಣ ಕಂಪನಿಯ ಮನೆಗೇ ವಾಪಸು ಬಂದದ್ದು ನನಗೆ ಈ ಇಡೀ ಕಥೆಯಲ್ಲಿ ತುಂಬ ಇಷ್ಟವಾದ ತಿರುವು.

ಅವರ ಕುರಿತ ಸಾಕ್ಷ್ಯಚಿತ್ರಕ್ಕಾಗಿ 2007ರಲ್ಲಿ ಮೂವರೂ ಒಂದು ಸ್ಟುಡಿಯೊದಲ್ಲಿ ಸೇರಿದ್ದರು. ಹಳೆಯ ಮುದ್ರಣಗಳನ್ನು ಕೂತು ಕೇಳಿ, ವಾದ್ಯ ಹಿಡಿದು ಕೆಲವು ಹಾಡುಗಳನ್ನು ನುಡಿಸಿದರು. ಅಷ್ಟಾದರೂ ಬ್ಯಾಂಡ್ ಕೂಡಲಿಲ್ಲ, ಇನ್ನೂ ಹತ್ತು ವರ್ಷ ಹೋಯಿತು. ಮತ್ತೆ ಸೇರುತ್ತಾರಂತೆ ಎಂಬ ಸುದ್ದಿ ಆಗಾಗ ಹುಟ್ಟಿ ಸುಳ್ಳಾಗುತ್ತಲೇ ಇದ್ದುದರಿಂದ, 2017ರಲ್ಲಿ ರಯಟ್ ಫೆಸ್ಟಿನ ಪಟ್ಟಿಯಲ್ಲಿ ಹೆಸರು ಕಂಡಾಗ ಬಹಳ ಜನ ನಂಬಲಿಲ್ಲ. ಕೆಜಿಎಫ್‌ನ ಗೆಳೆಯ ಆಗ ಹೊಸೂರಿನಲ್ಲಿ ಕೆಲಸದಲ್ಲಿದ್ದ. ಅವನಿಗೆ ಸುದ್ದಿ ಕಳಿಸಿದರೆ, "ಅವರೇ ಬಂದು ಹೇಳಲಿ" ಎಂದು ಉತ್ತರಿಸಿದ.

ದುಡ್ಡಿಗಾಗಿ ಸೇರಿದರು ಎಂಬ ಮಾತು ಆಗಲೂ ಬಂತು. ಪ್ರಾಯೋಜಕರಿರುವ, ದುಬಾರಿ ಟಿಕೆಟ್ಟಿನ ಉತ್ಸವವೊಂದು ಕೊನೆಯ ದಿನದ ಮುಖ್ಯ ಬ್ಯಾಂಡಿಗೆ ಒಳ್ಳೆಯ ಸಂಭಾವನೆಯನ್ನೇ ಕೊಟ್ಟಿರುತ್ತದೆ, ಅದರಲ್ಲಿ ಅಡಗಿಸುವಂಥದ್ದೇನೂ ಇಲ್ಲ. ಯೌವನವನ್ನೆಲ್ಲ ವ್ಯಾನಿನಲ್ಲಿ ಕಳೆದು, ಅಪರಿಚಿತರ ಮನೆಯ ನೆಲದ ಮೇಲೆ ಮಲಗಿ, ಗಂಟಲು ಕೊಯ್ಯಿಸಿಕೊಂಡು ಹಾಡಿದವರಿಗೆ ಐವತ್ತನೆಯ ವಯಸ್ಸಿನಲ್ಲಿ ಕೆಲಸಕ್ಕೆ ತಕ್ಕ ಕೂಲಿ ದೊರೆತರೆ ನನಗೆ ಸಂತೋಷವೇ. ಆಲ್ಬಿನಿಯವರ ಲೆಕ್ಕವನ್ನು ಓದಿದವರು ಯಾರೇ ಆದರೂ ಈ ಪ್ರಶ್ನೆಯನ್ನು ಕೇಳಬೇಕಾದದ್ದು ಕಂಪನಿಗಳನ್ನು, ಹಾಡಿದವರನ್ನಲ್ಲ. ತಮ್ಮ ನಿಯಮವನ್ನು ಜಾಬ್ರೇಕರ್ ಮುರಿಯಿತು ಎಂದು 1995ರಲ್ಲಿ ನೊಂದವರ ನೋವನ್ನು ನಾನು ಸುಳ್ಳೆನ್ನುವುದಿಲ್ಲ, ಮಾತು ಕೊಟ್ಟು ತಪ್ಪಿದ್ದು ಬ್ಲೇಕ್ ಅವರೇ. ನಿಯಮದ ಸಿಟ್ಟನ್ನು ಹಾಡುಗಳ ಮೇಲೆ ತೀರಿಸಿಕೊಂಡದ್ದನ್ನು ಮಾತ್ರ ನಾನು ಒಪ್ಪುವುದಿಲ್ಲ. 'ಆ್ಯಕ್ಸಿಡೆಂಟ್ ಪ್ರೋನ್' ಯಾವ ಕಂಪನಿಯ ಮುದ್ರೆ ಹೊತ್ತು ಬಂದಿದ್ದರೂ ಅದೇ ಹಾಡಾಗಿರುತ್ತಿತ್ತು.

ಶಿಕಾಗೊದ ಆ ರಾತ್ರಿ 'ಬಾಕ್ಸ್‌ಕಾರ್' ಇತ್ತು, 'ಡಿಯರ್ ಯೂ'ವಿನ ಹಾಡುಗಳೂ ಇದ್ದವು. ತುಣುಕುಗಳಲ್ಲಿ ನಾನು ಗಮನವಿಟ್ಟು ಹುಡುಕಿದ್ದು ಆ ಹಾಡುಗಳ ಹೊತ್ತಿನಲ್ಲಿ ಜನ ಹೇಗಿದ್ದರು ಎಂಬುದನ್ನು. ತಲೆ ನೆರೆತವರು, ಇಪ್ಪತ್ತು ದಾಟದವರು, ಎಲ್ಲರೂ ವೇದಿಕೆಯ ಕಡೆಗೇ ಮುಖ ಮಾಡಿ ಒಂದು ಪದವೂ ಬಿಡದೆ ಹಾಡುತ್ತಿದ್ದರು. ಬ್ಲೇಕ್ ನಡುನಡುವೆ ಮೈಕಿನಿಂದ ಹಿಂದೆ ಸರಿದು ಸುಮ್ಮನಿದ್ದರೂ ಸಾಲು ನಿಲ್ಲುತ್ತಿರಲಿಲ್ಲ. 2022ರಲ್ಲಿ, 'ಡಿಯರ್ ಯೂ'ವಿಗೆ ಇಪ್ಪತ್ತೈದು ತುಂಬಿದ ನೆನಪಿಗೆಂದು ಯೋಜಿಸಿ ಕೋವಿಡ್‌ನಿಂದ ಮುಂದಕ್ಕೆ ಹೋಗಿದ್ದ ಪ್ರವಾಸವನ್ನು ಅವರು ಕೈಗೊಂಡರು. ಆಲ್ಬಮ್ಮಿನ ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಪೂರ್ತಿ ನುಡಿಸಿದರು, ಕೆಲವು ನಗರಗಳಲ್ಲಿ ಒಂದಕ್ಕಿಂತ ಹೆಚ್ಚು ರಾತ್ರಿ.

ಜಾಬ್ರೇಕರ್ ಕೇಳಬೇಕು, ಎಲ್ಲಿಂದ ಶುರು ಮಾಡಲಿ ಎಂದು ನನ್ನನ್ನು ಕೇಳಿದವರಿಗೆ ನಾನು 'ಡಿಯರ್ ಯೂ' ಎಂದೇ ಹೇಳುತ್ತೇನೆ. ಅದರ ಹಿಂದಿನ ಜಗಳವನ್ನು ಮೊದಲೇ ಹೇಳುವುದಿಲ್ಲ. ಆಮೇಲೆ '24 ಅವರ್ ರಿವೆಂಜ್ ಥೆರಪಿ'ಗೆ ಹೋಗಲಿ, ಅಲ್ಲಿಂದ 'ಬಿವುಆಕ್', ಕೊನೆಗೆ 'ಅನ್‌ಫನ್'. ಹಾಗೆ ಹಿಂದಕ್ಕೆ ನಡೆದರೆ ಗಂಟಲು ಒರಟಾಗುತ್ತ, ಹಾಡುಗಳು ಚಿಕ್ಕವಾಗುತ್ತ, ಮೂವರೂ ಹುಡುಗರಾಗುತ್ತ ಹೋಗುತ್ತಾರೆ.